ಕೊಯ್ಲಿನೊಳಗೆ ನಿಮ್ಮ ಮೊದಲ ಆ್ಯಪ್: ಸಂಸೆಯಲ್ಲಿದ್ದುಕೊಂಡೇ ಗೆಲ್ಲಲು 12 ಸೂತ್ರ

ಮಲೆನಾಡಿನ ಸಂಸೆಯಲ್ಲಿ ಜೂನ್ ಅಂದರೆ ಮಳೆ. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಕೈಕೊಡುತ್ತದೆ. ಕಾಲೇಜಿಗೆ ರಜೆ ಸಿಕ್ಕಿ ಮನೆಗೆ ಬಂದವರು ಜಗಲಿಯಲ್ಲಿ ಕೂತು, "ಇಲ್ಲಿ ಏನು ಕಲಿಯೋದು, ಬೆಂಗಳೂರಿಗೆ ಹೋದ ಮೇಲೆ ನೋಡೋಣ" ಅನ್ನುತ್ತಾರೆ. ಈ ಮಾತನ್ನು ಇವತ್ತಿಗೆ ನಿಲ್ಲಿಸಿ. "ನನ್ನಿಂದ ಆಗುತ್ತಾ?" ಅನ್ನುವುದೂ ಉಗುರು ಕಚ್ಚುವ ಹಾಗೆ ಒಂದು ಅಭ್ಯಾಸ. ಕೈಗೆ ಕೆಲಸ ಕೊಟ್ಟರೆ ತಾನಾಗಿ ಬಿಟ್ಟುಹೋಗುತ್ತದೆ.

ನಿಮಗೆ ಬೇಕಾದದ್ದು ಒಂದು ಹಳೆ ಲ್ಯಾಪ್‌ಟಾಪ್ ಮತ್ತು ಒಂದು ಓಪನ್ ಸೋರ್ಸ್ ಜಿಯುಐ ಟೂಲ್‌ಕಿಟ್. ವಿಂಡೋ, ಬಟನ್, ಮೆನು, ಟೇಬಲ್ ಎಲ್ಲ ಅದರಲ್ಲಿ ರೆಡಿಯಾಗಿ ಬರುತ್ತವೆ. ಜೋಡಿಸುವುದು ನಿಮ್ಮ ಕೆಲಸ. ಡೆಡ್‌ಲೈನ್ ಕೂಡ ಊರೇ ಕೊಟ್ಟಿದೆ: ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ಒಂದು ತೋಟದವರು ದಿನಾ ಬಳಸುವ ಆ್ಯಪ್ ನಿಮ್ಮ ಕೈಯಿಂದ ಹೊರಡಬೇಕು.

1. ಐಡಿಯಾ ಹುಡುಕಬೇಡಿ, ಹೋದ ವರ್ಷದ ತೂಕದ ಪುಸ್ತಕ ಕೇಳಿ

ಪರಿಚಯದ ತೋಟಕ್ಕೆ ಹೋಗಿ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕಳೆದ ಕೊಯ್ಲಿನ ಪುಸ್ತಕ ತೆಗೆಸಿ. ಪುಟ ಪುಟವೂ ನೋಡಿ. ಹಣ್ಣಿನ ರಸದ ಕಲೆ, ಮಳೆ ಹನಿಗೆ ಹರಡಿದ ಇಂಕು, ಹೊಡೆದು ಮತ್ತೆ ಬರೆದ ಅಂಕಿ. ಸಂಜೆ ಚೀಲಗಳ ಸಾಲು ನಿಂತಿರುವಾಗ ಟಾರ್ಚ್ ಬೆಳಕಿನಲ್ಲಿ ಹೆಸರು, ಕೆ.ಜಿ., ಅಡ್ವಾನ್ಸ್ ಬರೆದದ್ದು ಅದು. ಬಟವಾಡೆಯ ಹಿಂದಿನ ರಾತ್ರಿ ಅದನ್ನೇ ಕೂಡಿಸುತ್ತಾ ಕೂತದ್ದೂ ಆ ಪುಟಗಳ ಮೇಲೇ. ಚಿತ್ತು ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ನಿಮ್ಮ ಆ್ಯಪ್‌ಗೆ ಕೆಲಸ ಇದೆ. ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ರಿಪೋರ್ಟ್ ಯಾವ ಕಾಲೇಜಿನಲ್ಲೂ ಸಿಗುವುದಿಲ್ಲ.

2. ಒಂದು ಟೂಲ್‌ಕಿಟ್ ಹಿಡಿಯಿರಿ, ಕೊಯ್ಲು ಮುಗಿಯುವವರೆಗೆ ಬಿಡಬೇಡಿ

ದೊಡ್ಡ ಹೆಸರು ಎರಡು: ಜಿಟಿಕೆ ಮತ್ತು ಕ್ಯೂಟಿ. ಜಿಟಿಕೆ ಹುಟ್ಟಿದ್ದು ವಿದ್ಯಾರ್ಥಿಗಳ ಕೈಯಲ್ಲಿ. ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ತಮ್ಮ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ಗೆಂದು ಬರೆದುಕೊಂಡ ಬಟನ್, ಮೆನುಗಳೇ ಮುಂದೆ ಗ್ನೋಮ್ ಡೆಸ್ಕ್‌ಟಾಪ್‌ನ ಅಡಿಪಾಯವಾದವು. ಕ್ಯೂಟಿ ನಾರ್ವೆಯದು, 1995ರಲ್ಲಿ ಹೊರಬಂತು, ಕೆಡಿಇ ಡೆಸ್ಕ್‌ಟಾಪ್ ಅದರ ಮೇಲೆ ನಿಂತಿದೆ. ತೋಟದ ಆಫೀಸಿನಲ್ಲಿ ವಿಂಡೋಸ್ ಇದ್ದರೆ ಪೈಥಾನ್ ಜೊತೆ ಪೈಸೈಡ್6 ಬಳಸಿ, ಕ್ಯೂಟಿಯ ಬಲವೆಲ್ಲ ಸಿಗುತ್ತದೆ. ಲಿನಕ್ಸ್ ಇದ್ದರೆ ಜಿಟಿಕೆ 4 ಹಿಡಿಯಿರಿ. ವಾರಕ್ಕೊಂದು ಟೂಲ್‌ಕಿಟ್ ಬದಲಾಯಿಸುವವರು ಟ್ಯುಟೋರಿಯಲ್ ಮುಗಿಸುತ್ತಾರೆ, ಆ್ಯಪ್ ಮುಗಿಸುವುದಿಲ್ಲ.

3. ಲೈಸೆನ್ಸ್ ಓದಿ, ಮೊದಲ ದಿನವೇ ಓದಿ

ಓಪನ್ ಸೋರ್ಸ್ ಅಂದರೆ ಏನು ಬೇಕಾದರೂ ಮಾಡಬಹುದು ಎಂದಲ್ಲ. ಜಿಟಿಕೆ ಮತ್ತು ಪೈಸೈಡ್ ಎಲ್‌ಜಿಪಿಎಲ್‌ನಲ್ಲಿ ಸಿಗುತ್ತವೆ. ಅದರ ಷರತ್ತು ಪಾಲಿಸಿ ನಿಮ್ಮ ಆ್ಯಪ್ ಮಾರಬಹುದು, ಕೋಡ್ ಮುಚ್ಚಿಟ್ಟುಕೊಳ್ಳಲೂಬಹುದು. ಪೈಥಾನ್‌ನಲ್ಲಿ ಕ್ಯೂಟಿ ಬಳಸುವ ಇನ್ನೊಂದು ದಾರಿಯಾದ ಪೈಕ್ಯೂಟಿ ಹಾಗಲ್ಲ: ಜಿಪಿಎಲ್ ಒಪ್ಪಿ ಕೋಡ್ ಕೊಡಿ, ಇಲ್ಲವೇ ದುಡ್ಡು ಕೊಟ್ಟು ಲೈಸೆನ್ಸ್ ಪಡೆಯಿರಿ. ಇದು ಸಣ್ಣ ವಿಷಯ ಅನ್ನಬೇಡಿ. ಆರಂಭದಲ್ಲಿ ಕ್ಯೂಟಿಯ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಅದೇ ಕಾರಣಕ್ಕೆ 1997ರಲ್ಲಿ ಗ್ನೋಮ್ ಎಂಬ ಬೇರೆ ಯೋಜನೆಯೇ ಶುರುವಾಯಿತು. ಕ್ಯೂಟಿ 2000ದಲ್ಲಿ ಜಿಪಿಎಲ್‌ಗೆ, 2009ರಲ್ಲಿ ಎಲ್‌ಜಿಪಿಎಲ್‌ಗೆ ಬಂತು. ಇಂಟರ್‌ವ್ಯೂನಲ್ಲಿ ಇದನ್ನು ಎರಡು ವಾಕ್ಯದಲ್ಲಿ ವಿವರಿಸಿ, ಎದುರಿಗೆ ಕೂತವರು ನೆಟ್ಟಗಾಗುತ್ತಾರೆ.

4. ಪರದೆಯನ್ನು ಮೊದಲು ಕಾಗದದಲ್ಲಿ ಬರೆಯಿರಿ

ಪೆನ್ಸಿಲ್ ತೆಗೆದುಕೊಳ್ಳಿ. ಹೆಸರು, ತೂಕ, ಅಡ್ವಾನ್ಸ್: ಮೂರು ಜಾಗ, ಕೆಳಗೆ ಇವತ್ತಿನ ಪಟ್ಟಿ. ಸಾಕು. ಗ್ರಾಫು, ಲಾಗಿನ್, ಡಾರ್ಕ್ ಮೋಡ್ ಈಗ ಬೇಡ. ತೂಕದ ಹೊತ್ತಿನಲ್ಲಿ ರೈಟರ್ ಕಣ್ಣು ತಕ್ಕಡಿ ಮೇಲೆ ಇರುತ್ತದೆ. ಮೌಸ್ ಮುಟ್ಟದೆ ಎಂಟರ್ ಒತ್ತುತ್ತಾ ಹೋದರೆ ಒಬ್ಬರ ಲೆಕ್ಕ ಮುಗಿದು ಮುಂದಿನವರ ಹೆಸರಿಗೆ ಕರ್ಸರ್ ಬರಬೇಕು. ಹೆಸರು ಪೂರ್ತಿ ಟೈಪ್ ಮಾಡಿಸಬೇಡಿ, ಎರಡು ಅಕ್ಷರಕ್ಕೆ ಪಟ್ಟಿ ತೆರೆಯಲಿ. ಸಾಲಿನಲ್ಲಿ ನಿಂತವರ ಕಾಲುನೋವು ನಿಮ್ಮ ಡಿಸೈನ್‌ಗೆ ಅಳತೆಗೋಲು.

5. ಆ್ಯಪ್ ಹ್ಯಾಂಗ್ ಆಗಲು ಬಿಡಬೇಡಿ

ಟೂಲ್‌ಕಿಟ್ ಒಳಗೆ ಒಂದು ಈವೆಂಟ್ ಲೂಪ್ ಸದಾ ತಿರುಗುತ್ತಿರುತ್ತದೆ. ಕೀ ಒತ್ತಿದ್ದು, ಬಟನ್ ಕ್ಲಿಕ್ ಆದದ್ದು ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಕ್ಯೂಟಿಯಲ್ಲಿ ಬಟನ್ ಸಿಗ್ನಲ್ ಕಳಿಸುತ್ತದೆ, ನಿಮ್ಮ ಫಂಕ್ಷನ್ ಸ್ಲಾಟ್ ಆಗಿ ಅದನ್ನು ಹಿಡಿಯುತ್ತದೆ. ಆ ಫಂಕ್ಷನ್ ಇಡೀ ಸೀಸನ್ನಿನ ರಿಪೋರ್ಟ್ ತೆಗೆಯುತ್ತಾ ಕೂತರೆ ಲೂಪ್ ನಿಲ್ಲುತ್ತದೆ, ಪರದೆ ಮರಗಟ್ಟುತ್ತದೆ. ಭಾರದ ಕೆಲಸವನ್ನು ಬೇರೆ ಥ್ರೆಡ್‌ಗೆ ಹಾಕಿ. ಆದರೆ ಬಟನ್, ಲೇಬಲ್‌ಗಳನ್ನು ಆ ಥ್ರೆಡ್‌ನಿಂದ ಮುಟ್ಟಬೇಡಿ. ಫಲಿತಾಂಶ ಸಿಗ್ನಲ್ ಮೂಲಕ ವಾಪಸ್ ಬರಲಿ, ಪರದೆಯನ್ನು ಮುಖ್ಯ ಥ್ರೆಡ್ ಬದಲಾಯಿಸಲಿ. ಈ ಒಂದು ನಿಯಮ ರೂಢಿಯಾದರೆ ಅರ್ಧ ತಲೆನೋವು ಹೋಯಿತು.

6. ಲಕ್ಷ್ಮಮ್ಮನ ಪರೀಕ್ಷೆ ಪಾಸ್ ಮಾಡಿ

ಪಟ್ಟಿಯಲ್ಲಿ "ಲಕ್ಷ್ಮಮ್ಮ" ಎಂದು ಬರೆದು ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಒಂಬತ್ತು ಸಂಕೇತ. ಈ ಒಂಬತ್ತನ್ನು ಒತ್ತಕ್ಷರಗಳಾಗಿ ಕೂಡಿಸುವ ಕೆಲಸ ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ಲೈಬ್ರರಿಯದು. ಜಿಟಿಕೆ, ಕ್ಯೂಟಿ ಎರಡೂ ಅದನ್ನು ಬಳಸುತ್ತವೆ. ನೀವು ಕೆಡಿಸದಿದ್ದರೆ ಸಾಕು. ಕೆಡಿಸುವುದು ಹೇಗೆ? ಜಾಗ ಉಳಿಸಲು ಹೆಸರನ್ನು ಐದನೇ ಸಂಕೇತಕ್ಕೆ ಕತ್ತರಿಸಿ, "ಲಕ್ಷ್" ಎಂದು ಅರ್ಧಕ್ಕೆ ನಿಲ್ಲುತ್ತದೆ. ಸಾಲಿನ ಎತ್ತರವನ್ನು ಪಿಕ್ಸೆಲ್ ಲೆಕ್ಕದಲ್ಲಿ ಬಿಗಿಯಾಗಿ ಕಟ್ಟಿ, ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಅದಕ್ಕೇ ಎತ್ತರ, ಅಗಲವನ್ನು ಕೈಯಾರೆ ಕೊಡಬೇಡಿ, ಲೇಔಟ್‌ಗೆ ಬಿಡಿ. ಇಂಗ್ಲಿಷ್ ಲೇಬಲ್‌ಗೆ ಸರಿಹೋದ ಬಟನ್ ಕನ್ನಡಕ್ಕೆ ಸಾಲದೇ ಇರಬಹುದು, ಲೇಔಟ್ ತಾನೇ ಹಿಗ್ಗುತ್ತದೆ. ತನ್ನ ಹೆಸರು ತಪ್ಪಾಗಿ ಕಂಡರೆ ಯಾರೂ ಆ ಆ್ಯಪ್‌ನ ಲೆಕ್ಕ ನಂಬುವುದಿಲ್ಲ.

7. ದುಡ್ಡನ್ನು ಪೈಸೆಯಲ್ಲಿಡಿ, ತೂಕವನ್ನು ಗ್ರಾಂನಲ್ಲಿಡಿ

ಪೈಥಾನ್ ತೆರೆದು 0.1 ಮತ್ತು 0.2 ಕೂಡಿಸಿ. 0.30000000000000004 ಬರುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಬೈನರಿಯಲ್ಲಿ ಇಡುವುದರಿಂದ ಹೀಗೆ. ಕೂಲಿ ಲೆಕ್ಕದಲ್ಲಿ ಇದು ನುಸುಳಿದರೆ ಜಗಳ ಖಾತ್ರಿ. ಆದ್ದರಿಂದ ಪೂರ್ಣಾಂಕ ಬಳಸಿ. 37.4 ಕೆ.ಜಿ. ಹಣ್ಣು, ಕೆ.ಜಿ.ಗೆ 5 ರೂಪಾಯಿ 50 ಪೈಸೆ ಅಂದುಕೊಳ್ಳಿ. 37,400 ಗ್ರಾಂ ಅನ್ನು 550 ಪೈಸೆಯಿಂದ ಗುಣಿಸಿ, 1,000ದಿಂದ ಭಾಗಿಸಿ: 20,570 ಪೈಸೆ. ಪರದೆ ಮೇಲೆ ತೋರಿಸುವಾಗ ಮಾತ್ರ 205 ರೂಪಾಯಿ 70 ಪೈಸೆ ಮಾಡಿ. ಲೆಕ್ಕ ಒಂದೇ ಒಂದು ಸಲ ತಪ್ಪಿದರೂ ರೈಟರ್ ಪುಸ್ತಕಕ್ಕೆ ವಾಪಸ್ ಹೋಗುತ್ತಾರೆ.

8. ಕರೆಂಟ್ ಹೋಗೇ ಹೋಗುತ್ತದೆ ಎಂದುಕೊಂಡು ಕೋಡ್ ಬರೆಯಿರಿ

ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರುತ್ತದೆ, ಇಪ್ಪತ್ತನೇ ಚೀಲ ತೂಗುವಾಗ ಕರೆಂಟ್ ಹೋಗುತ್ತದೆ. ಇದನ್ನು ಅಪಘಾತ ಎಂದುಕೊಳ್ಳಬೇಡಿ, ಮಲೆನಾಡಿನ ಮಾಮೂಲಿ ಎಂದುಕೊಳ್ಳಿ. ಎಸ್‌ಕ್ಯೂಲೈಟ್ ಬಳಸಿ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ಡೇಟಾಬೇಸ್‌ಗೆ ಸರ್ವರ್ ಬೇಡ, ಇಂಟರ್‌ನೆಟ್ ಬೇಡ. ಇಡೀ ತೋಟದ ಲೆಕ್ಕ ಒಂದೇ ಫೈಲ್‌ನಲ್ಲಿ ಇರುತ್ತದೆ. ಒಬ್ಬೊಬ್ಬರ ತೂಕವನ್ನೂ ಒಂದೊಂದು ಟ್ರಾನ್ಸಾಕ್ಷನ್ ಮಾಡಿ. ಬರೆದರೆ ಪೂರ್ತಿ ಬರೆಯುತ್ತದೆ, ಇಲ್ಲವಾದರೆ ಏನೂ ಬರೆಯುವುದಿಲ್ಲ, ಅರ್ಧಂಬರ್ಧ ಉಳಿಯುವುದಿಲ್ಲ. "ಸೇವ್" ಬಟನ್ನೇ ಬೇಡ, ಎಂಟರ್ ಒತ್ತಿದ ಕ್ಷಣ ಸೇವ್ ಆಗಲಿ. ಪರೀಕ್ಷಿಸಬೇಕೇ? ಬರೆಯುತ್ತಿರುವಾಗಲೇ ಪ್ಲಗ್ ಕಿತ್ತುನೋಡಿ.

9. ಜನ ಆಡುವ ಮಾತನ್ನೇ ಪರದೆಗೆ ತನ್ನಿ

ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ. ನಾಳೆ ಆ್ಯಪ್‌ಗೆ ಮಳೆ ಲೆಕ್ಕ ಸೇರಿಸಿ ನೀವು ಮಿಲಿಮೀಟರ್ ತೋರಿಸಿದರೆ ಅವರು ಮನಸ್ಸಿನಲ್ಲಿ 25.4ರಿಂದ ಭಾಗಿಸುತ್ತಾ ಕೂರಬೇಕು. ಕಾಫಿ ರೇಟು 50 ಕೆ.ಜಿ. ಮೂಟೆಗೆ ಹೇಳುವುದು ರೂಢಿ. ಹಾಗೇ ತೋರಿಸಿ. "ಅಡ್ವಾನ್ಸ್" ಎನ್ನುವವರಿಗೆ "ಮುಂಗಡ ಪಾವತಿ" ಎಂದು ಬರೆಯಬೇಡಿ. ಲೇಬಲ್‌ಗಳನ್ನು ಕೋಡ್ ಒಳಗೆ ಹೂಳಬೇಡಿ. ಕ್ಯೂಟಿಯಲ್ಲಿ ಲಿಂಗ್ವಿಸ್ಟ್, ಜಿಟಿಕೆ ಜೊತೆ ಗೆಟ್‌ಟೆಕ್ಸ್ಟ್ ಇವೆ. ಮಾತೆಲ್ಲ ಬೇರೆ ಫೈಲ್‌ನಲ್ಲಿ ಇರುತ್ತದೆ, ನಾಳೆ ಪಕ್ಕದ ತೋಟದವರು "ನಾವು ಹೀಗೆ ಹೇಳಲ್ಲ" ಅಂದರೆ ಒಂದು ಸಾಲು ತಿದ್ದಿದರೆ ಮುಗಿಯಿತು.

10. ಮೊದಲ ಬಳಕೆದಾರರ ಪಕ್ಕ ಬಾಯಿ ಮುಚ್ಚಿ ಕೂರಿ

ಆ್ಯಪ್ ಕೊಡಿ. ವಿವರಿಸಬೇಡಿ. ಹತ್ತು ನಿಮಿಷ ನೋಡಿ.

"ಮಾರಾಯ, ತಪ್ಪು ಹೊಡೆದುಬಿಟ್ಟೆ. ಇದನ್ನ ಅಳಿಸೋದು ಎಲ್ಲಿ?"

"ಮೇಲೆ ಮೆನು ಇದೆಯಲ್ಲ ಅಣ್ಣಾ, ಅದರೊಳಗೆ..."

ಅಲ್ಲಿಗೇ ನಿಲ್ಲಿಸಿ. ನೀವು ಬಾಯಿ ತೆರೆಯಬೇಕಾಯಿತು ಅಂದರೆ ಪರದೆ ಸೋತಿದೆ. "ಅವರಿಗೆ ಕಂಪ್ಯೂಟರ್ ಬರಲ್ಲ" ಅನ್ನುವುದು ಸೋಮಾರಿ ಡೆವಲಪರ್‌ನ ಸಮಾಧಾನ. ಅಳಿಸುವ ಬಟನ್ ಆ ಸಾಲಿನ ಪಕ್ಕಕ್ಕೇ ಬರಲಿ, ಅಳಿಸಿದ ಮೇಲೆ ವಾಪಸ್ ತರಲೂ ದಾರಿ ಇರಲಿ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ರಾತ್ರಿ ತಿದ್ದಿ, ಗಿಟ್‌ನಲ್ಲಿ ಕಮಿಟ್ ಮಾಡಿ, ಮರುದಿನ ಮತ್ತೆ ಹೋಗಿ.

11. ಊರನ್ನು ನೆಪ ಮಾಡಬೇಡಿ

ನೆಟ್‌ವರ್ಕ್ ಇಲ್ಲವೇ? ಪಕ್ಕದ ಕಳಸಕ್ಕೆ ಹೋದ ದಿನ ಎಲ್ಲ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಕ್ಯೂಟಿಯ ಡಾಕ್ಯುಮೆಂಟೇಷನ್ ಪೂರ್ತಿ ಅಸಿಸ್ಟೆಂಟ್ ಎಂಬ ಆ್ಯಪ್‌ನಲ್ಲಿ ಆಫ್‌ಲೈನ್ ಓದಬಹುದು. ಜಿಟಿಕೆಗೆ ಡೆವ್‌ಹೆಲ್ಪ್ ಇದೆ. ಉತ್ತರ ಹುಡುಕುವ ಬದಲು ಮೂಲವನ್ನೇ ಓದಿದವರು ಬೇಗ ಬೆಳೆಯುತ್ತಾರೆ. ಮಾದರಿ ಬೇಕಾದರೆ ಮೂಡಿಗೆರೆ ಕಡೆ ನೋಡಿ. ಕಾಫಿ ತೋಟದಲ್ಲಿದ್ದುಕೊಂಡೇ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರ್ ಕಲಿತರು, ಕನ್ನಡಕ್ಕೆ ಒಳ್ಳೆ ಸಾಫ್ಟ್‌ವೇರ್ ಬೇಕೆಂದು ಪಟ್ಟುಹಿಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ "ಕುವೆಂಪು" ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅವರು ಬೆಂಗಳೂರಿಗೆ ಮನೆ ಬದಲಾಯಿಸಿ ಆಮೇಲೆ ಶುರುಮಾಡಲಿಲ್ಲ.

12. ತೋಟಕ್ಕೆ ಕೊಟ್ಟದ್ದನ್ನು ಲೋಕಕ್ಕೂ ಕೊಡಿ

ಕೋಡನ್ನು ಹೊರಗೆ ಹಾಕಿ. ಕೂಲಿಯವರ ಹೆಸರು, ಲೆಕ್ಕ ಇರುವ ಫೈಲ್ ಮಾತ್ರ ಅದರ ಜೊತೆ ಹೋಗದಂತೆ ನೋಡಿಕೊಳ್ಳಿ, ಅದು ಅವರ ಸ್ವತ್ತು. ಆಮೇಲೆ ಟೂಲ್‌ಕಿಟ್‌ನ ಸಮುದಾಯಕ್ಕೆ ಕಾಲಿಡಿ. ಕನ್ನಡ ಅಕ್ಷರ ಎಲ್ಲಾದರೂ ಒಡೆದರೆ ಸ್ಕ್ರೀನ್‌ಶಾಟ್ ಸಮೇತ ಬಗ್ ರಿಪೋರ್ಟ್ ಮಾಡಿ. ಗ್ನೋಮ್, ಕೆಡಿಇ ಎರಡರಲ್ಲೂ ಕನ್ನಡ ಅನುವಾದಕ್ಕೆ ಕೈಗಳು ಬೇಕು. ಈ ಲೋಕ ದೂರದ್ದಲ್ಲ. 2011ರ ಮಾರ್ಚ್‌ನಲ್ಲಿ ಕೆಡಿಇ ಸಮ್ಮೇಳನ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಿತು. ಅದರ ಬೆನ್ನಿಗೇ ಗ್ನೋಮ್ ಏಷ್ಯಾ ಸಮಾವೇಶ ದಯಾನಂದ ಸಾಗರ ಕಾಲೇಜಿನಲ್ಲಿ ಸೇರಿತು, ಏಪ್ರಿಲ್ 6ಕ್ಕೆ ಗ್ನೋಮ್ 3 ಬಿಡುಗಡೆಯಾಯಿತು. 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಮನೆಯಲ್ಲೇ ಕೂತು, ಸ್ಟೈಪೆಂಡ್ ಪಡೆದು ಇಂಥ ಯೋಜನೆಗಳಿಗೆ ಕೋಡ್ ಬರೆಯಬಹುದು. ಅರ್ಜಿ ಹಾಕುವಾಗ ತೋರಿಸಲು ನಿಮ್ಮ ಕೈಯಲ್ಲಿ ಒಂದು ನಿಜವಾದ ಆ್ಯಪ್ ಇರುತ್ತದೆ. ಬಹಳ ಜನರ ಹತ್ತಿರ ಅದೇ ಇರುವುದಿಲ್ಲ.

ಕೊನೆಗೆ ಒಂದು ಮಾತು. ಕೊಯ್ಲು ಶುರುವಾದ ದಿನವೇ ಪುಸ್ತಕ ಬಿಡಿಸಬೇಡಿ. ಮೊದಲ ಎರಡು ಬಟವಾಡೆಗೆ ಪುಸ್ತಕವೂ ನಡೆಯಲಿ, ಆ್ಯಪ್ಪೂ ನಡೆಯಲಿ. ರೈಟರ್ ಎರಡೂ ಮೊತ್ತ ಪಕ್ಕಪಕ್ಕ ಇಟ್ಟು, ಕನ್ನಡಕ ಮೇಲೇರಿಸಿ, ಬೆರಳಿಟ್ಟು ತಾಳೆ ನೋಡಲಿ. ಪೈಸೆ ಸಹಿತ ಸರಿಬಂದರೆ ಮೂರನೇ ಬಟವಾಡೆಯ ಹಿಂದಿನ ರಾತ್ರಿ ಅವರು ಬೇಗ ಮಲಗುತ್ತಾರೆ. ರೆಸ್ಯೂಮೆಯ ಮೊದಲ ಸಾಲಿಗೆ ಅದನ್ನೇ ಬರೆಯಿರಿ. ಮಳೆ ಹಿಡಿದಿದೆ, ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ.