ಸ್ವೆಟರ್‌ಗೆ ಮೊದಲು ಒಂದೇ ಉಂಡೆ ಸಾಕು

ಮೊದಲ ಸಲ ಸ್ವೆಟರ್ ಹೆಣೆಯಲು ಹೊರಟವರು ಗಂಡನ ಅಳತೆಗೋ ಅಣ್ಣನ ಅಳತೆಗೋ ಕೈಹಾಕದಿರುವುದು ಒಳ್ಳೆಯದು. ದೊಡ್ಡವರ ಸ್ವೆಟರ್ ದೀಪಾವಳಿಗೆ ಶುರುವಾಗಿ ಯುಗಾದಿಯ ಹೊತ್ತಿಗೆ ಒಂದೇ ತೋಳಿನೊಂದಿಗೆ ಬೀರು ಸೇರುವುದೇ ಹೆಚ್ಚು. ಹಾಗೆಂದು ಹುಟ್ಟಲಿರುವ ಕೂಸಿಗೂ ಬೇಡ. ನೀವು ಕತ್ತಿನ ಪಟ್ಟಿ ಮುಗಿಸುವಷ್ಟರಲ್ಲಿ ಕೂಸು ಬೆಳೆದಿರುತ್ತದೆ. ಎರಡು ವರ್ಷದ ಮಗುವಿನ ಸ್ವೆಟರ್ ಕಲಿಯುವವರ ಕೈಗೆ ಸರಿ. ಕೆಲಸ ಕಣ್ಣಿಗೆ ಕಾಣುವಂತೆ ಸಾಗುತ್ತದೆ, ಸ್ವಲ್ಪ ದೊಡ್ಡದಾದರೂ ಮುಂದಿನ ಚಳಿಗೆ ಬರುತ್ತದೆ. ಈ ಲೇಖನದ ಲೆಕ್ಕವೆಲ್ಲ ಆ ಅಳತೆಯದೇ.

ಯಾವ ದಾರ?

ಎಲ್ಲಿ ಕೂತು ತೊಡುವ ಸ್ವೆಟರ್, ಯಾರು ಒಗೆಯುತ್ತಾರೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ದಾರ ತಾನಾಗಿ ನಿರ್ಧಾರವಾಗುತ್ತದೆ. ಬೆಂಗಳೂರು, ಮೈಸೂರಿನ ಚಳಿಗೆ ಅಕ್ರಿಲಿಕ್ ಧಾರಾಳವಾಯಿತು. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅದನ್ನೇ. ಹಗುರ, ಅಗ್ಗ, ಮೆಷಿನ್‌ಗೆ ಹಾಕಿದರೂ ಕುಗ್ಗದು. ಇಸ್ತ್ರಿ ಮಾತ್ರ ತಾಗಿಸಬಾರದು. ಬಿಸಿಗೆ ಎಳೆ ಜೀವ ಕಳೆದುಕೊಂಡು ಜೋತುಬೀಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮಡಿಕೇರಿಯ ಚಳಿಗೋ, ಹಿಮ ಬೀಳುವ ಊರಿನಲ್ಲಿರುವ ಮೊಮ್ಮಗುವಿಗೋ ಆದರೆ ನಿಜವಾದ ಉಣ್ಣೆಯೇ ಬೇಕು. ಮೈಗೆ ತಾಗುವ ಬಟ್ಟೆಗೆ ಮೆರಿನೊ ಕುರಿಯ ನುಣುಪು ಉಣ್ಣೆ. ಚಳ್ಳಕೆರೆ ಕಡೆಯ ಕಂಬಳಿಯ ಉಣ್ಣೆ ಬೆಚ್ಚಗಿರುವುದೇನೋ ಹೌದು, ಆದರೆ ಮಗುವಿನ ಕತ್ತಿಗೆ ಅದು ಚುಚ್ಚುತ್ತದೆ. ಉಣ್ಣೆಯನ್ನು ಬಿಸಿನೀರಲ್ಲಿ ಕುಕ್ಕಿ ಒಗೆದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಗೊಂಬೆಯ ಅಂಗಿಯಷ್ಟಾಗುತ್ತದೆ. ಹೊರದೇಶದಲ್ಲಿರುವ ಮಗಳು ಅದನ್ನು ಇತರ ಬಟ್ಟೆಯ ಜೊತೆ ಮೆಷಿನ್‌ಗೆ ಹಾಕಿ, ಡ್ರೈಯರ್‌ಗೂ ತಳ್ಳುವವಳೇ. ಹಾಗಾಗಿ ‘ಸೂಪರ್‌ವಾಶ್’ ಎಂದು ಬರೆದಿರುವ ಉಣ್ಣೆ ಕೊಂಡು, ಅದರ ಲೇಬಲನ್ನೂ ಸ್ವೆಟರ್ ಜೊತೆ ಕಳಿಸಿ. ಹತ್ತಿದಾರ ಮೊದಲ ಸ್ವೆಟರ್‌ಗೆ ಬೇಡ. ಅದಕ್ಕೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ, ಬಾರ್ಡರ್ ಬೇಗ ಸಡಿಲವಾಗುತ್ತದೆ.

ಅಂಗಡಿಯವರು ‘ಪ್ಯೂರ್ ಉಲ್ಲನ್’ ಅಂದಾಗ ಅನುಮಾನ ಬಂದರೆ ಬೆರಳುದ್ದ ದಾರ ಮನೆಗೆ ತಂದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಹಿಸುಕಿದರೆ ಪುಡಿಯಾಗುವ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ಇಕ್ಕಳದಲ್ಲಿ ಹಿಡಿದು ಸುಡಿ, ಕರಗಿದ ಹನಿ ಕೈಗೆ ಅಂಟಿದರೆ ಸುಡುವುದು ನಿಮ್ಮನ್ನೇ.

ದಪ್ಪ, ತೂಕ, ಲಾಟ್

‘ನಾಲ್ಕು ಪ್ಲೈ’, ‘ಎಂಟು ಪ್ಲೈ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಪ್ಲೈ ಅಂದರೆ ಹುರಿಗೊಳಿಸಿದ ಎಳೆಗಳ ಸಂಖ್ಯೆ, ದಪ್ಪದ ಅಳತೆಯಲ್ಲ. ನಾಲ್ಕು ದಪ್ಪ ಎಳೆ ಸೇರಿದರೆ ದಪ್ಪ ದಾರವೇ ಆಗುತ್ತದೆ. ಲೇಬಲ್ ಮೇಲೆ ಎಷ್ಟು ಗ್ರಾಂಗೆ ಎಷ್ಟು ಮೀಟರ್ ಎಂದು ಬರೆದಿದ್ದರೆ ಅದನ್ನು ಓದಿ. ಕಲಿಯುವವರಿಗೆ ಅನುಕೂಲವಾದ ‘ಡಿ.ಕೆ.’ ದಪ್ಪದ ಉಣ್ಣೆ 100 ಗ್ರಾಂಗೆ ಸುಮಾರು 220 ಮೀಟರ್ ಬರುತ್ತದೆ. ಮಗುವಿನ ಸ್ವೆಟರ್‌ಗೆ ಸುಮಾರು 200 ಗ್ರಾಂ ಸಾಕು, ದೊಡ್ಡವರದಕ್ಕೆ 400ರಿಂದ 500. ಅಕ್ರಿಲಿಕ್ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಇನ್ನಷ್ಟು ಉದ್ದ ಸಿಗುತ್ತದೆ.

ಬಣ್ಣದ ನಂಬರ್ ಪಕ್ಕದಲ್ಲಿ ಇನ್ನೊಂದು ನಂಬರ್ ಇರುತ್ತದೆ. ಅದು ಲಾಟ್ ನಂಬರ್, ಅಂದರೆ ಒಂದೇ ಸಲ ಬಣ್ಣದಲ್ಲಿ ಅದ್ದಿದ ದಾರದ ಗುರುತು. ಬೇರೆ ಲಾಟ್‌ನ ಅದೇ ನೀಲಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಾಣುತ್ತದೆ. ಬಿಸಿಲಿಗೆ ಬಂದರೆ ಎದೆಯ ಮೇಲೆ ಅಡ್ಡಗೆರೆ ಎಳೆದಂತೆ ಎದ್ದು ತೋರುತ್ತದೆ.

ಇಲ್ಲೊಂದು ಇಕ್ಕಟ್ಟಿದೆ. ಹೆಣೆದು ನೋಡದೆ ಎಲ್ಲ ದಾರ ಕೊಳ್ಳುವುದು ಜಾಣತನವಲ್ಲ, ಹೆಣೆದು ನೋಡಿ ಬರುವಷ್ಟರಲ್ಲಿ ಲಾಟ್ ಖಾಲಿಯಾಗಿರಬಹುದು. ಪರಿಚಯದ ಅಂಗಡಿಯಾದರೆ ಒಂದು ಉಂಡೆ ಕೊಂಡು, ಅದೇ ಲಾಟ್‌ನ ಉಳಿದದ್ದನ್ನು ನಾಲ್ಕು ದಿನ ತೆಗೆದಿಡಲು ಹೇಳಿ. ಅದಕ್ಕೆ ಒಪ್ಪದಿದ್ದರೆ ಪೂರ್ತಿ ಕೊಂಡು, ಲೇಬಲ್ ಬಿಚ್ಚದ ಉಂಡೆ ವಾಪಸ್ ತೆಗೆದುಕೊಳ್ಳುತ್ತಾರೋ ಎಂದು ಕೇಳಿ ಬಿಲ್ ಮೇಲೆ ಬರೆಸಿಕೊಳ್ಳಿ. ಒಂದು ಉಂಡೆ ಹೆಚ್ಚಿಗೆ ಇರಲಿ.

ಕಡ್ಡಿಯ ನಂಬರ್ ಗೊಂದಲ

ನಮ್ಮಲ್ಲಿ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರ್ ನಡೆಯುತ್ತದೆ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು, ಅಲ್ಲಿಯ 8 ಅಂದರೆ 5 ಮಿ.ಮೀ. ಯೂಟ್ಯೂಬ್ ನೋಡಿ ‘8ನೇ ನಂಬರ್ ಕಡ್ಡಿ’ ಎಂದು ಕೇಳಿ ತಂದರೆ ಪೂರಾ ಒಂದು ಮಿ.ಮೀ. ವ್ಯತ್ಯಾಸ. ಆದ್ದರಿಂದ ಮಿ.ಮೀ.ನಲ್ಲೇ ಕೇಳಿ. ಡಿ.ಕೆ. ದಾರಕ್ಕೆ ಮೈಭಾಗಕ್ಕೆ 4 ಮಿ.ಮೀ., ಬಾರ್ಡರ್‌ಗೆ 3.25 ಮಿ.ಮೀ., ಎರಡು ಜೊತೆ ಸಾಕು.

ಅಂಗೈಯಗಲದ ಮಾದರಿ

ಎಲ್ಲರೂ ದಾಟಿಸಿಬಿಡುವ ಹಂತ ಇದು, ಸ್ವೆಟರ್ ಕೆಡುವುದೂ ಇಲ್ಲೇ. 4 ಮಿ.ಮೀ. ಕಡ್ಡಿಗೆ 30 ಕುಣಿಕೆ ಹಾಕಿ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್‌ನಂತೆ 12 ಸೆಂ.ಮೀ. ಹೆಣೆದು ಮುಗಿಸಿ. ಸ್ವೆಟರನ್ನು ಮುಂದೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಟವೆಲ್ ಮೇಲೆ ಹರಡಿ, ಎಳೆಯದೆ ಒಣಗಿಸಿ. ಅಂಚು ಬಿಟ್ಟು ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಇವೆ ಎಂದು ಎಣಿಸಿ. ಅರ್ಧ ಕುಣಿಕೆ ಬಂದರೆ ಅದನ್ನೂ ಬರೆದುಕೊಳ್ಳಿ.

22 ಬಂದಿತು ಎನ್ನೋಣ. ಮಗುವಿನ ಎದೆಯ ಸುತ್ತಳತೆ 53 ಸೆಂ.ಮೀ., ಒಳಗಿನ ಅಂಗಿಗೂ ಕೈಯಾಡುವುದಕ್ಕೂ 7 ಸೇರಿಸಿ 60. ಮುಂಭಾಗ 30 ಸೆಂ.ಮೀ., ಅಂದರೆ 66 ಕುಣಿಕೆ. ಇದೇ 66 ಕುಣಿಕೆ 20 ಬರುವ ಸಡಿಲ ಕೈಯಲ್ಲಿ 33 ಸೆಂ.ಮೀ. ಆಗಿ, ಸ್ವೆಟರ್ ಸುತ್ತಳತೆ 66ಕ್ಕೆ ಏರುತ್ತದೆ. 24 ಬರುವ ಬಿಗಿ ಕೈಯಲ್ಲಿ 55ಕ್ಕೆ ಇಳಿದು ತಲೆಯ ಮೇಲಿಂದ ಹಾಕುವುದೇ ಕಷ್ಟ. ಕುಣಿಕೆ ಕಡಿಮೆ ಬಂದರೆ ಸಣ್ಣ ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ ಹಿಡಿದು ಮತ್ತೊಂದು ಮಾದರಿ ಹೆಣೆಯಿರಿ. ಕೈಯನ್ನು ಬಿಗಿ ಮಾಡಿಕೊಂಡು ಸರಿಪಡಿಸುತ್ತೇನೆ ಎನ್ನಬೇಡಿ. ಟಿ.ವಿ. ಧಾರಾವಾಹಿ ಶುರುವಾದೊಡನೆ ಕೈ ತನ್ನ ಹಳೆಯ ಹದಕ್ಕೇ ಮರಳುತ್ತದೆ.

ಲಡಿಯಲ್ಲಿ ಕೊಂಡ ದಾರವನ್ನು ಉಂಡೆ ಮಾಡುವಾಗ ಬೆರಳು ಒಳಗಿಟ್ಟು ಸಡಿಲವಾಗಿ ಸುತ್ತಿ. ಬಿಗಿಯಾಗಿ ಸುತ್ತಿದ ಎಳೆ ಹಿಗ್ಗಿರುತ್ತದೆ, ಒಗೆದ ಮೇಲೆ ಕುಗ್ಗುತ್ತದೆ.

ಕುಣಿಕೆ ಹಾಕುವುದು

66ಕ್ಕೆ ಎರಡೂ ಬದಿಯ ಹೊಲಿಗೆಗೆ ಒಂದೊಂದು ಸೇರಿಸಿದರೆ 68. ಎರಡು ನಿಟ್, ಎರಡು ಪರ್ಲ್‌ನ ಬಾರ್ಡರ್‌ಗೆ 70 ಇನ್ನೂ ಒಳ್ಳೆಯದು. ಸಾಲು ಎರಡು ನಿಟ್‌ನಿಂದ ಶುರುವಾಗಿ ಎರಡು ನಿಟ್‌ನಲ್ಲೇ ಮುಗಿಯುತ್ತದೆ. ಬದಿ ಹೊಲಿದಾಗ ಒಂದೊಂದು ಒಳಗೆ ಹೋಗಿ, ಉಳಿದ ಒಂದೊಂದು ಸೇರಿ ಪಟ್ಟೆ ಎಲ್ಲೂ ಮುರಿಯುವುದಿಲ್ಲ. ಹೆಚ್ಚಾಗುವ ಒಂದು ಸೆಂ.ಮೀ. ಮಗುವಿಗೆ ಭಾರವಲ್ಲ.

ಹೆಬ್ಬೆರಳಿನಿಂದ ಕುಣಿಕೆ ಹಾಕುವವರು ಬಾಲದ ದಾರ ಸಾಲದೆ 65ನೆಯದಕ್ಕೆ ನಿಂತು ಎಲ್ಲ ಬಿಚ್ಚುವುದುಂಟು. ದಾರವನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ, ಬಿಚ್ಚಿ, ಆ ಉದ್ದದ ಏಳರಷ್ಟು ಅಳೆದು, ಮೇಲೆ ಒಂದು ಗೇಣು ಬಿಡಿ. 3.25ರ ಕಡ್ಡಿಯಲ್ಲಿ 5 ಸೆಂ.ಮೀ. ಬಾರ್ಡರ್ ಆದ ಮೇಲೆ 4ರ ಕಡ್ಡಿಗೆ ಬದಲಿಸಿ ಮೈಭಾಗ ಶುರು ಮಾಡಿ. ಕಂಕುಳವರೆಗಿನ ಉದ್ದಕ್ಕೆ ಸೆಂ.ಮೀ. ಲೆಕ್ಕಕ್ಕಿಂತ ಮಗು ಈಗ ಹಾಕುವ ಅಂಗಿಯನ್ನೇ ಪಕ್ಕದಲ್ಲಿ ಹಾಸಿ ನೋಡುವುದು ವಾಸಿ. ಎಷ್ಟು ಸಾಲಾಯಿತೆಂದು ಬರೆದಿಟ್ಟುಕೊಳ್ಳಿ, ಹಿಂಭಾಗವೂ ಅಷ್ಟೇ ಸಾಲು ಇರಬೇಕು. ಬಾಗಿಲ ಗಂಟೆ ಬಾರಿಸಿದರೂ ಸಾಲು ಮುಗಿಸಿಯೇ ಏಳಿ. ನಡುವೆ ಬಿಟ್ಟು ಎದ್ದರೆ ಕಡ್ಡಿ ಇದ್ದ ಜಾಗದ ಕುಣಿಕೆ ಜಗ್ಗುತ್ತದೆ, ಮರಳಿ ಬಂದಾಗ ಯಾವ ಕಡೆಗೆ ಹೆಣೆಯುತ್ತಿದ್ದೆವು ಎಂಬುದೂ ಮರೆತಿರುತ್ತದೆ.