ಕುದುರೆಯ ಬಣ್ಣವೂ ಸುಳಿಯೂ

ಕುದುರೆಯನ್ನು ಕೊಳ್ಳುವವನು ಮೊದಲು ಅದರ ಬಣ್ಣವನ್ನು ನೋಡುವನು, ಬಳಿಕ ಸುಳಿಯನ್ನು ಹುಡುಕುವನು. ಕಾಲನ್ನೂ ಹಲ್ಲನ್ನೂ ನೋಡುವದು ಕಡೆಗೆ. ಈ ಕ್ರಮವು ತಲೆಕೆಳಗಾದದ್ದು.

1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರದ ಬೀದಿಗಳಲ್ಲಿ ಜಟಕಾ ಬಂಡಿಗಳು ಓಡುತ್ತಿದ್ದ ಕಾಲದಲ್ಲಿ ಬಡ ಬಂಡಿಯವನ ಅನ್ನವೆಲ್ಲಾ ಕುದುರೆಯ ಕಾಲಿನಲ್ಲಿತ್ತು. ದುಡಿಯಬಲ್ಲ ಪ್ರಾಣಿಯನ್ನು ಸುಳಿ ಕೆಟ್ಟದ್ದೆಂದು ಬಿಟ್ಟು, ಸಾಲಮಾಡಿ ಚೆಲುವಾದ ಕುಂಟು ಕುದುರೆಯನ್ನು ತಂದರೆ ಹಸಿಯುವವರು ಅವನ ಮಕ್ಕಳು. ಜಟಕಾಗಳು ಈಗ ಮರೆಯಾದವು. ಆದರೂ ಮೆರವಣಿಗೆಗೆ ಬಿಳೀ ಕುದುರೆಯೇ ಬೇಕೆನ್ನುವವರು ಇದ್ದಾರೆ.

ನಮ್ಮ ನಾಡಿಗೆ ಕುದುರೆಯ ವಿಷಯವು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣಗಳನ್ನು ವಿವರಿಸಿದನು. ಟಿಪ್ಪು ಸುಲ್ತಾನನ ಕಾಲದಿಂದ ಕುಣಿಗಲಿನ ಕುದುರೆಗಳು ಹೆಸರುವಾಸಿ. 1918ರ ಸೆಪ್ಟೆಂಬರ್ 23ರಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ರಾವುತರ ದಂಡು, ನೀವು ಹೆಸರಿನಿಂದ ಬಲ್ಲ ಕರ್ಮೆಲ್ ಬೆಟ್ಟದ ಬಳಿ, ಹೈಫಾ ಪಟ್ಟಣವನ್ನು ಹಿಡಿಯುವದರಲ್ಲಿ ಪಾಲುಗೊಂಡಿತು.

ಇನ್ನು ಬಣ್ಣಗಳ ಸಂಗತಿ. ಕೂದಲಿಗೆ ಬಣ್ಣ ಕೊಡುವ ದ್ರವ್ಯಗಳು ಎರಡೇ: ಕಪ್ಪು ಮತ್ತು ಕೆಂಪು. ಕಪ್ಪನ್ನು ಕೂದಲಿಗೆ ಕೊಡಲಾರದ ಕುದುರೆಯು ಮೈಯೆಲ್ಲಾ ಕೆಂಪಾಗಿರುವದು; ಇದನ್ನು ಹಿಂದೂಸ್ತಾನಿ ವ್ಯಾಪಾರಿಗಳು ಸುರಂಗ್ ಅನ್ನುವರು. ಕಪ್ಪು ಮೈತುಂಬ ಹರಡಿದರೆ ಮುಷ್ಕಿ. ಅದು ಕಾಲು, ಬಾಲ, ಕತ್ತಿನ ಕೂದಲುಗಳಲ್ಲಿ ಮಾತ್ರ ನಿಂತು ಮೈ ಕಂದಾದರೆ ಕುಮೈತ್. ತಂದೆತಾಯಿಗಳೆರಡೂ ಸುರಂಗ್ ಆಗಿದ್ದರೆ ಕರೀ ಮರಿ ಹುಟ್ಟದು. ಹುಟ್ಟಿತೆಂದು ಮಾರುವವನು ಆಣೆಯಿಟ್ಟರೂ ನಂಬಬೇಡಿರಿ.

ಸಬ್ಜಾ ಎಂಬದು ಎಲ್ಲಕ್ಕಿಂತ ವಿಚಿತ್ರವಾದದ್ದು. ಹುಟ್ಟುವಾಗ ಅದು ಕರಿದಾಗಿಯೋ ಕೆಂಪಾಗಿಯೋ ಇರುವದು. ವರುಷ ವರುಷಕ್ಕೆ ನರೆತು, ಕಡೆಗೆ ಹಾಲಿನಂತಾಗುವದು. ಆದರೆ ಕೂದಲನ್ನು ಸರಿಸಿದರೆ ಚರ್ಮವು ಕಪ್ಪೇ. ವಂಶದಿಂದ ಬರುವ ಒಂದು ಬೀಜಾಂಶದ ತುಣುಕು ಇಮ್ಮಡಿಯಾದದ್ದೇ ಇದಕ್ಕೆ ಕಾರಣವೆಂದು 2008ರಲ್ಲಿ ಸ್ವೀಡನ್ ದೇಶದ ಪಂಡಿತರು ಪ್ರಕಟಿಸಿದರು. ಇಂಥವುಗಳಲ್ಲಿ 15 ವರುಷ ದಾಟಿದ ಹೆಚ್ಚಿನವಕ್ಕೆ ಕಪ್ಪು ಗಂಟುಗಳು ಏಳುವವು. ಆದಕಾರಣ ಬಿಳೀ ಕುದುರೆಯನ್ನು ಕೊಳ್ಳುವವನು ನಾಚದೆ ಬಾಲವನ್ನೆತ್ತಿ ನೋಡತಕ್ಕದ್ದು. ನುಕ್ರಾ ಎಂಬದು ಬೇರೆ: ಹುಟ್ಟಿನಿಂದಲೇ ಬಿಳಿ, ಚರ್ಮವು ನಸುಗೆಂಪು. ಅದರ ಮೂತಿಯು ಬಿಸಿಲಿಗೆ ಬೇಗ ಸುಡುವದು, ನೆರಳು ಬೇಕು.

ಸುಳಿಯಾದರೋ ಕೂದಲು ತಿರುಗಿ ಬೆಳೆದ ಗುರುತು ಮಾತ್ರ. ನಮ್ಮ ಮಕ್ಕಳ ನೆತ್ತಿಯಲ್ಲಿಯೂ ಅದುಂಟು. ಅದು ಯಜಮಾನನನ್ನು ಕೊಲ್ಲುವದೂ ಇಲ್ಲ, ಐಶ್ವರ್ಯ ತರುವದೂ ಇಲ್ಲ; ಬೆಲೆಯನ್ನು ಏರಿಸಿ ಇಳಿಸುವದಕ್ಕೆ ದಲ್ಲಾಳಿಗೆ ಒದಗುವದು, ಅಷ್ಟೇ.

ಹಾಗಾದರೆ ನೋಡತಕ್ಕದ್ದೇನು? ವಯಸ್ಸಿಗೆ ಮುಂಬಲ್ಲು, ಗೊರಸಿನಲ್ಲಿ ಬಿರುಕು, ಬೆನ್ನಿನಲ್ಲಿ ಜೀನಿನ ಹುಣ್ಣು. ಬಳಿಕ ಗಟ್ಟಿ ನೆಲದ ಮೇಲೆ ಸಡಿಲವಾದ ಹಗ್ಗದಿಂದ ಅದನ್ನು ಓಡಿಸಿರಿ. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲಕ್ಕೆ ತಗಲುವಾಗಲೆಲ್ಲಾ ಕುದುರೆಯು ತಲೆಯನ್ನು ಮೇಲಕ್ಕೆತ್ತುವದು.