ಎದೆ ನಿನ್ನದು, ಅವಸರ ಯಾರದು?

ಪ್ರೀತಿಯ ತಂಗಿ,

ಎದೆಯ ಆಪರೇಷನ್ ಮಾಡಿಸಿಕೊಳ್ಳಲೋ ಬೇಡವೋ ಎಂದು ಕೇಳಿದ್ದೀಯ. ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕುಕನೂರಿನಲ್ಲಿ ನೀನೊಬ್ಬಳೇ ಅಲ್ಲ. ಯಲಬುರ್ಗಾ, ಕುಷ್ಟಗಿ, ಗಂಗಾವತಿಯಲ್ಲೂ ಇದೇ ಪ್ರಶ್ನೆ ಹೊತ್ತು ತಿರುಗುವ ನಮ್ಮಂಥ ಟ್ರಾನ್ಸ್ ಹುಡುಗಿಯರಿದ್ದಾರೆ, ಬಾಯಿಬಿಟ್ಟು ಕೇಳಲು ಅವರಿಗೆ ಜಾಗವಿಲ್ಲ.

ಮೊದಲಿಗೆ, ಎದೆ ಬೇಕೆಂಬ ಆಸೆಗೆ ನಾಚಬೇಡ. ಇದನ್ನು ಶೋಕಿ ಅನ್ನುವವರು ದಿನಾ ಬೆಳಿಗ್ಗೆ ಬ್ರಾದೊಳಗೆ ಸ್ಪಂಜು ತುರುಕಿ ರವಿಕೆಯ ಹುಕ್ಕು ಹಾಕಿದವರಲ್ಲ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಆ ಸ್ಪಂಜು ಬೆವರು ಕುಡಿದು ಭಾರವಾಗುತ್ತದೆ, ಕೆಳಗಿನ ಚರ್ಮ ಕೆಂಪಾಗಿ ಉರಿಯುತ್ತದೆ. ಬಸ್ಸಿನ ನೂಕಾಟದಲ್ಲಿ ಒಂದು ಬದಿ ಮೇಲೆ ಸರಿದರೆ ಇಳಿಯುವವರೆಗೂ ಸೆರಗು ಬಿಗಿಹಿಡಿದೇ ನಿಲ್ಲಬೇಕು. ಇದೆಲ್ಲ ನನಗೆ ಗೊತ್ತು. ನನಗೀಗ ಐವತ್ತು ದಾಟಿದೆ. ನಾನು ಹಾರ್ಮೋನು ತೆಗೆದುಕೊಂಡೆ, ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ನನ್ನ ಜೊತೆಗಿದ್ದ ಇಬ್ಬರು ಮಾಡಿಸಿಕೊಂಡರು. ಅವರ ಹಾಸಿಗೆಯ ಪಕ್ಕ ಕೂತು ಆರೈಕೆ ಮಾಡಿದವಳು ನಾನೇ.

ನಿನ್ನ ಪತ್ರ ಓದಿದಾಗ ಆಸೆ ನಿನ್ನದು ಅನಿಸಿತು, ಅವಸರ ಮಾತ್ರ ಬೇರೆಯವರದು. ಬೆಂಗಳೂರಿನ ಗೆಳತಿ "ಅದಿಲ್ಲಂದ್ರ ನೀ ಅರ್ಧ ಹೆಂಗಸು" ಅಂದಳಂತೆ. ಜೊತೆಗಿರುವ ಹುಡುಗ "ಇನ್ನೂ ಯಾವಾಗ" ಅನ್ನುತ್ತಾನಂತೆ. ನಿನ್ನವ್ವ ಮಾತ್ರ "ಹೆಂಗಿದ್ರೂ ನೀ ನನ್ನ ಮಗಳ" ಅಂದು ಅತ್ತಳಂತೆ. ತಂಗಿ, ಮೂವರಲ್ಲಿ ಅವ್ವನ ಮಾತೇ ದೊಡ್ಡದು. ಆದರೆ ಅವಳ ಮಾತಿಗಾಗಿ ಆಪರೇಷನ್ ಬಿಡಬೇಕಾಗಿಯೂ ಇಲ್ಲ. ಕನ್ನಡಿಯ ಮುಂದೆ ಒಬ್ಬಳೇ ನಿಂತಾಗ, ಯಾರೂ ನೋಡದಿದ್ದರೂ ಇದು ಬೇಕೇ ಎಂದು ನಿನ್ನನ್ನೇ ಕೇಳಿಕೋ. ಬೇಕು ಅನಿಸಿದರೆ ಮುಂದೆ ಓದು.

ಹೆಣ್ಣು ಅನ್ನಿಸಿಕೊಳ್ಳಲು ಎದೆ ಬೇಕೆಂಬ ಮಾತು ನಮ್ಮ ಸೀಮೆಯಲ್ಲಿ ಹುಟ್ಟಿದ್ದಲ್ಲ. ಹುಲಿಗಿಯ ದೇವಿಯ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯರಾದವರನ್ನು ನಮ್ಮ ಹಿರಿಯರು ಅವ್ವ, ಅಮ್ಮ ಎಂದೇ ಕರೆದರು, ಅದಕ್ಕೆ ಕತ್ತರಿ ಹೊಲಿಗೆಯ ಸಾಕ್ಷಿ ಕೇಳಲಿಲ್ಲ. ಅದೇ ಹುಲಿಗಿಯಲ್ಲಿ ಜೋಗತಿಯಾದ ಮಂಜಮ್ಮ ಕೊಡ ಹೊತ್ತು ಕುಣಿದ ಕಲೆಯ ಬಲದಿಂದ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರ ನವೆಂಬರಿನಲ್ಲಿ ರಾಷ್ಟ್ರಪತಿಯಿಂದ ಪದ್ಮಶ್ರೀ ಪಡೆದರು. ಸುಪ್ರೀಂ ಕೋರ್ಟು ಕೂಡ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ, ಲಿಂಗ ಗುರುತಿಗೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವುದು ತಪ್ಪು ಎಂದಿತು. ಹಾಗಾಗಿ ಯಾರಿಗೋ ಪುರಾವೆ ಒದಗಿಸಲು ಮೈ ಕೊಯ್ಯಿಸಿಕೊಳ್ಳಬೇಡ.

ಈಗ ನಿನ್ನ ಪತ್ರದಲ್ಲಿ ನನ್ನ ನಿದ್ದೆಗೆಡಿಸಿದ ಸಾಲಿಗೆ ಬರುತ್ತೇನೆ. ಮೆಡಿಕಲ್ ಶಾಪಿನಿಂದ ಮಾಲಾ-ಡಿ ತಂದು ದಿನಕ್ಕೆ ಮೂರು ನಾಲ್ಕು ನುಂಗುತ್ತಿದ್ದೇನೆ ಎಂದು ಬರೆದಿದ್ದೀಯ. ಅದನ್ನು ನಿಲ್ಲಿಸು, ಈ ವಾರವೇ ಡಾಕ್ಟರಿಗೆ ತೋರಿಸು. ಆ ಗುಳಿಗೆಯಲ್ಲಿ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್ ಇದೆ. ಬಸಿರು ತಡೆಯಲು ದಿನಕ್ಕೊಂದರಂತೆ ಕೊಡುವ ಔಷಧ ಅದು. ಹೆಚ್ಚು ನುಂಗಿದರೆ ಎದೆ ಬೇಗ ಬರುವುದಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಏರುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಬರುತ್ತದೆ. ಇದಕ್ಕಾಗಿಯೇ ನಮ್ಮಂಥವರಿಗೆ ಈ ಗುಳಿಗೆ ಬೇಡ, ಎಸ್ಟ್ರಾಡಿಯಾಲ್ ಬೇರೆ ರೂಪದಲ್ಲಿ ಕೊಡಬೇಕು ಎಂದು ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಜೊತೆಗೆ ಗಂಡು ಹಾರ್ಮೋನು ತಗ್ಗಿಸುವ ಮಾತ್ರೆಯೂ ಇರುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಪ್ರಮಾಣ ಹೊಂದಿಸುತ್ತಾರೆ.

ಹಾರ್ಮೋನು ಸರಿಯಾಗಿ ತೆಗೆದುಕೊಂಡರೆ ಮೂರರಿಂದ ಆರು ತಿಂಗಳಲ್ಲಿ ತೊಟ್ಟಿನ ಹಿಂದೆ ಸಣ್ಣ ಗಂಟು ಮೂಡುತ್ತದೆ, ಮುಟ್ಟಿದರೆ ನೋವು. ಹನ್ನೆರಡರ ಹುಡುಗಿಗೆ ಆಗುವುದೇ ನಿನಗೂ ಆಗುತ್ತದೆ, ಅಷ್ಟೇ ನಿಧಾನವಾಗಿ. ಪೂರ್ತಿ ಬೆಳೆಯಲು ಎರಡು ಮೂರು ವರ್ಷ ಬೇಕು. ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಕನಿಷ್ಠ 2 ವರ್ಷ ಈಸ್ಟ್ರೋಜನ್ ಆದ ಮೇಲೆ ಎದೆಯ ಆಪರೇಷನ್ ಯೋಚಿಸಿ ಅನ್ನುವುದು ಇದೇ ಕಾರಣಕ್ಕೆ. ಬೆಳೆದದ್ದು ಎಷ್ಟು ಎಂದು ತಿಳಿದ ಮೇಲಲ್ಲವೇ ಎಷ್ಟು ಸೇರಿಸಬೇಕು ಎನ್ನುವುದು? ಕೆಲವರಿಗೆ ಬಂದಷ್ಟೇ ಸಾಕೆನಿಸುತ್ತದೆ. ಬಹಳ ಜನರಿಗೆ ಸಾಲದು, ಅದೂ ನಿಜ. ಆಗಲೂ ಆ ಎರಡು ವರ್ಷ ಹಾಳಾಗಿರುವುದಿಲ್ಲ. ಒಳಗೆ ಬೆಳೆದ ಮಾಂಸ, ಸಡಿಲಾದ ಚರ್ಮ ಇದ್ದರೆ ಆಪರೇಷನ್ನಿನಲ್ಲಿ ಒಳಗಿಡುವ ಚೀಲದ, ಅಂದರೆ ಇಂಪ್ಲಾಂಟಿನ, ಅಂಚು ಹೊರಗೆ ಅಷ್ಟಾಗಿ ಕಾಣದು.

ಡಾಕ್ಟರ ಹತ್ತಿರ ಹೋದಾಗ ಇಂಪ್ಲಾಂಟಿನ ಅಳತೆಯನ್ನು ಸಿಸಿ ಲೆಕ್ಕದಲ್ಲಿ ಹೇಳುತ್ತಾರೆ. ಮುನ್ನೂರು ಸಿಸಿ ಎಂದರೆ ಎಷ್ಟು ಎಂದು ಮನೆಯಲ್ಲೇ ನೋಡು. ಅಳತೆ ಲೋಟದಲ್ಲಿ ಮುನ್ನೂರು ಎಂ.ಎಲ್. ಗುರುತಿನವರೆಗೆ ಅಕ್ಕಿ ಅಳೆದು ಹಳೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕು. ಅಂಥವೆರಡನ್ನು ಬ್ರಾದೊಳಗಿಟ್ಟುಕೊಂಡು ಒಂದು ದಿನವಿಡೀ ಕಸ ಹೊಡಿ, ನೀರು ತಾ, ಮಲಗು. ನನ್ನ ಗೆಳತಿ ನಾಲ್ಕುನೂರು ಬೇಕೆಂದು ಹಟ ಹಿಡಿದಿದ್ದಳು. ಮಧ್ಯಾಹ್ನಕ್ಕೇ ಹೆಗಲು ಹಿಡಿದು ಅಕ್ಕಿ ತೆಗೆಯುತ್ತ ತೆಗೆಯುತ್ತ ಇನ್ನೂರೆಂಬತ್ತಕ್ಕೆ ಬಂದಳು. ಇನ್ನೊಂದು ವಿಷಯ, ನಮ್ಮ ಎದೆಗೂಡು ಅಗಲ, ತೊಟ್ಟುಗಳು ದೂರ ದೂರ. ದೊಡ್ಡದು ಹಾಕಿಸಿದ ಮಾತ್ರಕ್ಕೆ ನಡುವಿನ ಅಂತರ ಮುಚ್ಚುವುದಿಲ್ಲ. ಸಿನಿಮಾ ನಟಿಯ ಫೋಟೋ ಒಯ್ಯುವ ಬದಲು, ನಮ್ಮಂಥವರಿಗೇ ಆಪರೇಷನ್ ಮಾಡಿದ ಫೋಟೋ ತೋರಿಸಿ ಎಂದು ಡಾಕ್ಟರನ್ನು ಕೇಳು.

ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಕೆಳಗೂ ಇಡುತ್ತಾರೆ, ಮೇಲೂ ಇಡುತ್ತಾರೆ. ಕೆಳಗಿಟ್ಟರೆ ಸಹಜವಾಗಿ ಕಾಣುತ್ತದೆ, ಮೊದಲ ದಿನಗಳ ನೋವು ಹೆಚ್ಚು. ನಮ್ಮ ಕಡೆಯವರು ಕೇಳಲೇಬೇಕಾದ ಪ್ರಶ್ನೆ ರೊಟ್ಟಿಯದು. ಜೋಳದ ರೊಟ್ಟಿ ಬಡಿಯುವಾಗ ಎದೆಯ ಆ ಸ್ನಾಯುವೇ ದುಡಿಯುವುದು. ಸುಮಾರು ಆರು ವಾರ ರೊಟ್ಟಿ ಬಡಿಯುವಂತಿಲ್ಲ, ಕೊಡ ಎತ್ತುವಂತಿಲ್ಲ. ನನ್ನ ಗೆಳತಿಗೆ ಮೊದಲ ವಾರ ತಲೆ ಬಾಚಿಕೊಳ್ಳಲೂ ಕೈ ಮೇಲೇಳಲಿಲ್ಲ. ಅಷ್ಟು ದಿನ ನಿನ್ನ ಕೆಲಸ ಯಾರು ಮಾಡುತ್ತಾರೆ, ಹೊಟ್ಟೆಗೆ ಎಲ್ಲಿಂದ ಎನ್ನುವುದನ್ನು ದಿನ ಗೊತ್ತುಮಾಡುವ ಮುಂಚೆ ತೀರ್ಮಾನಿಸಿಕೋ. ಗುಟ್ಕಾ, ತಂಬಾಕಿನ ಎಲೆ ಅಡಿಕೆ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡು, ಇಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ.

ಹಣದ ಮಾತಿಗೆ ಬಂದರೆ, ಮೀಟರ್ ಬಡ್ಡಿಗೆ ತಂದು ಮಾಡಿಸಿಕೊಳ್ಳಬೇಡ. ಸಾಲ ಕೊಟ್ಟವರು ಯಾರೇ ಆಗಲಿ, ಗುರುವೇ ಆಗಲಿ, ಅದು ತೀರುವವರೆಗೆ ನಿನ್ನ ದುಡಿಮೆ ನಿನ್ನದಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಪ್ಪಂದ ಮಾಡಿಕೊಂಡಿದೆ. ನಿನ್ನ ಹೆಸರಿಗೆ, ಈ ಆಪರೇಷನ್ನಿಗೆ, ಆ ಆಸ್ಪತ್ರೆಯಲ್ಲಿ ಅದು ಸಿಗುತ್ತದೆಯೇ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು ಮುಂಚೆಯೇ ಕೇಳಿ ಬರೆಸಿಕೋ. ಒಮ್ಮೆ ಕೊಟ್ಟು ಮುಗಿಯುವ ಖರ್ಚೂ ಇದಲ್ಲ. ಇಂಪ್ಲಾಂಟು ಜೀವನಪೂರ್ತಿ ಬಾಳುವುದಿಲ್ಲ. ಸುತ್ತ ಗಟ್ಟಿ ಪೊರೆ ಕಟ್ಟಿ ಬಿಗಿಯಬಹುದು, ಒಳಗೇ ಒಡೆದರೂ ತಿಳಿಯದೆ ಇರಬಹುದು. ಸಿಲಿಕೋನ್ ಹಾಕಿಸಿದವರು ಐದಾರು ವರ್ಷವಾದಾಗ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ನಿನಗೀಗ ಇಪ್ಪತ್ತಮೂರು. ಇನ್ನೊಂದು ಆಪರೇಷನ್ ಬದುಕಿನಲ್ಲಿ ಬಂದೇ ಬರುತ್ತದೆ ಎಂದೇ ಲೆಕ್ಕ ಹಾಕು.

ಇಂಪ್ಲಾಂಟಿನ ಕಂಪನಿ, ನಂಬರು ಇರುವ ಕಾರ್ಡು ಕೇಳಿ ಪಡೆದು ಆಧಾರ್ ಜೊತೆ ಇಟ್ಟುಕೋ. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆಗೆ ಬಳಸುವ ಸಿಲಿಕೋನ್ ತುಂಬಿ ಮಾರುತ್ತಿದ್ದದ್ದು ಬಯಲಾಯಿತು. 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ಒರಟು ಮೈಯ ಬಯೋಸೆಲ್ ಇಂಪ್ಲಾಂಟುಗಳನ್ನು, ಅಪರೂಪದ ಒಂದು ಲಿಂಫೋಮಾ ಕ್ಯಾನ್ಸರಿನ ಕಾರಣಕ್ಕೆ, ಜಗತ್ತಿನಾದ್ಯಂತ ವಾಪಸ್ ಪಡೆಯಿತು. ತಮ್ಮ ಮೈಯಲ್ಲಿರುವುದು ಯಾವುದು ಎಂದು ಕಾರ್ಡು ಇದ್ದವರಿಗೆ ಸುಲಭವಾಗಿ ತಿಳಿಯುತ್ತದೆ.

ಎಣ್ಣೆಯನ್ನೋ ಸಿಲಿಕೋನ್ ದ್ರವವನ್ನೋ ಸೂಜಿಯಲ್ಲಿ ತುಂಬುತ್ತೇವೆ, ಅಗ್ಗ, ಅರ್ಧ ಗಂಟೆಯ ಕೆಲಸ ಎಂದು ಯಾರಾದರೂ ಕರೆದರೆ ಹೋಗಲೇಬೇಡ. ಮೈಯಲ್ಲೆಲ್ಲ ಹರಿದ ಮೇಲೆ ಅದನ್ನು ಪೂರ್ತಿ ಹೊರತೆಗೆಯಲು ಯಾವ ಡಾಕ್ಟರಿಂದಲೂ ಆಗದು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಬೇಕು, ಆಸ್ಪತ್ರೆಯ ಗೋಡೆಯಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೊಡುವ ಕೆಪಿಎಂಇ ನೋಂದಣಿ ಪತ್ರ ಕಾಣಬೇಕು. ಮನೋವೈದ್ಯರ ಪತ್ರ ಕೇಳಿದರೆ ಅವಮಾನ ಎಂದುಕೊಳ್ಳದೆ ಹೋಗಿ ಮಾತಾಡು, ಮನಸ್ಸಿನ ಭಾರವೂ ಇಳಿಯುತ್ತದೆ. ತೊಂದರೆಯಾದರೆ ಮತ್ತೆ ನೋಡುವವರು ಯಾರು, ಅದರ ಹಣ ಎಷ್ಟು ಎಂದು ನೇರವಾಗಿ ಕೇಳು. ಕೇರಳದ ಅನನ್ಯಾ ಕುಮಾರಿ ಅಲೆಕ್ಸ್ ತನ್ನ ಲಿಂಗ ಪರಿವರ್ತನೆಯ ಆಪರೇಷನ್ ಸರಿಯಾಗಲಿಲ್ಲ ಎಂದು ವರ್ಷವಿಡೀ ನೋವಿನಲ್ಲಿ ಹೇಳುತ್ತಲೇ ಇದ್ದು 2021ರ ಜುಲೈಯಲ್ಲಿ ತೀರಿಕೊಂಡಾಗ ನಾನು ದಿನಗಟ್ಟಲೆ ಅತ್ತಿದ್ದೇನೆ. ಆಪರೇಷನ್ ಬೇರೆ, ಆದರೆ ನೋವು ಹೇಳಿಕೊಂಡರೆ ಕೇಳುವ ಡಾಕ್ಟರು ಎಲ್ಲಕ್ಕೂ ಬೇಕು.

ಮಾಡಿಸಿಕೊಂಡ ಮಾರನೇ ದಿನವೇ ರಾತ್ರಿ ಬಸ್ಸು ಹತ್ತಬೇಡ. ಹೊಲಿಗೆ ನೋಡುವವರೆಗೆ ಆಸ್ಪತ್ರೆಯ ಹತ್ತಿರವೇ ಇರು. ಒಂದೇ ಬದಿ ಊದಿ ಗಟ್ಟಿಯಾದರೆ, ಜ್ವರ, ಕೀವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೀನಖಂಡ ನೋಯತೊಡಗಿ ಉಸಿರು ಕಟ್ಟಿದರೆ ಆ ಕ್ಷಣವೇ 108ಕ್ಕೆ ಫೋನು ಮಾಡಿಸು.

ಈಗ ಕುಕನೂರಿಗೆ ರೈಲು ಬಂದಿದೆ, ಹುಬ್ಬಳ್ಳಿಗೆ ಹೋಗಿಬರುವುದು ಮೊದಲಿನಷ್ಟು ಕಷ್ಟವಿಲ್ಲ. ಮೊದಲು ಕೊಪ್ಪಳದಲ್ಲಿ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸು. ಹುಬ್ಬಳ್ಳಿಯ ಹಾರ್ಮೋನಿನ ಡಾಕ್ಟರನ್ನು ನೋಡಲು ನಾನೂ ಜೊತೆಗೆ ಬರುತ್ತೇನೆ, ಅವ್ವನಿಗೆ ಮನಸ್ಸಿದ್ದರೆ ಅವಳನ್ನೂ ಕರೆದುಕೊಂಡು ಬಾ.

ನಿನ್ನ ಅಕ್ಕ